ಕರುಳಿನೊಳಗೊಂದು ಮದ್ರಸ: ಮಕ್ಕಳ ವಾಂತಿಭೇದಿ ಮತ್ತು ರೋಗನಿರೋಧಕ ಶಕ್ತಿ

(ಜುಮಾ ಖುತ್ಬಾಕ್ಕೆ ಮುನ್ನ ಕನ್ನಡದಲ್ಲಿ ಮಾಡಿದ ಪ್ರವಚನವನ್ನು ಓದುಗರಿಗಾಗಿ ವಿಸ್ತರಿಸಿ ಬರೆದದ್ದು)



ಜನವರಿ ತಿಂಗಳ ಒಂದು ಸಂಜೆ. ಮಗ್ರಿಬ್ ನಮಾಝ್ ಮುಗಿದು ಜನ ಚದುರುತ್ತಿದ್ದರು. ನಮ್ಮ ಜಮಾಅತಿನ ಯುವಕರೊಬ್ಬರು ಹತ್ತು ತಿಂಗಳ ಮಗುವನ್ನು ಹೊದಿಕೆಯಲ್ಲಿ ಸುತ್ತಿಕೊಂಡು ಬಂದರು. ಇನ್ನೊಂದು ಕೈಯಲ್ಲಿ ಒಂದು ಬಾಟಲಿ ನೀರಿತ್ತು. "ಉಸ್ತಾದ್, ಎರಡು ದಿನದಿಂದ ವಾಂತಿ, ಭೇದಿ. ದೃಷ್ಟಿಯಾಗಿರಬೇಕು ಅಂತ ಮನೆಯಲ್ಲಿ ಹೇಳ್ತಾರೆ. ಸ್ವಲ್ಪ ಓದಿ ಊದಿ ಕೊಡಿ" ಎಂದರು.

ನಾನು ಓದತೊಡಗಿದೆ. ಓದುತ್ತಲೇ ಮಗುವಿನ ಮುಖ ನೋಡಿದೆ. ಮಗು ಅಳುತ್ತಿತ್ತು, ಆದರೆ ಕಣ್ಣೀರಿರಲಿಲ್ಲ. ಕಣ್ಣುಗಳು ಗುಳಿಬಿದ್ದಿದ್ದವು, ನಾಲಿಗೆ ಒಣಗಿತ್ತು. ಹಾಲು ಕುಡಿಸಿದಿರಾ ಎಂದು ಕೇಳಿದೆ. ಹಾಲು ಕೊಟ್ಟರೆ ಭೇದಿ ಹೆಚ್ಚಾಗುತ್ತದೆ ಎಂದು ಅಜ್ಜಿ ಹಿಂದಿನ ರಾತ್ರಿಯಿಂದಲೇ ನಿಲ್ಲಿಸಿದ್ದರಂತೆ. ಬಾಟಲಿಯ ನೀರು ಎಲ್ಲಿಯದು ಎಂದು ಕೇಳಿದೆ. "ಇಲ್ಲೇ ಹೌಳಿನ ಪಕ್ಕದ ನಲ್ಲಿಯದ್ದು" ಎಂದರು.

ಆ ಉತ್ತರ ಕೇಳಿ ನನಗೆ ನನ್ನ ಬಗ್ಗೆಯೇ ನಾಚಿಕೆಯಾಯಿತು. ಇಷ್ಟು ವರ್ಷಗಳಲ್ಲಿ ಎಷ್ಟೋ ಬಾಟಲಿಗಳಿಗೆ ಊದಿ ಕೊಟ್ಟಿದ್ದೇನೆ. ಅದರೊಳಗಿನ ನೀರು ಎಲ್ಲಿಂದ ಬಂತು, ಅದನ್ನು ಕುದಿಸಿದ್ದಾರೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ. ಬಾಟಲಿಯನ್ನು ಅಲ್ಲೇ ಇಟ್ಟು, ದುಆ ಮಾಡಿ, ಆಟೋ ಕರೆಸಿ ಅವರನ್ನು ಆಸ್ಪತ್ರೆಗೆ ಕಳುಹಿಸಿದೆ. ಮಗುವಿಗೆ ಡ್ರಿಪ್ ಹಾಕಬೇಕಾಯಿತು. ಮೂರನೇ ದಿನ ಮನೆಗೆ ಬಂತು, ಅಲ್‌ಹಮ್ದುಲಿಲ್ಲಾಹ್. ಇದು ರೋಟಾ ವೈರಸ್‌ನಿಂದ ಬಂದ ಭೇದಿ ಎಂದು ವೈದ್ಯರು ಹೇಳಿದರಂತೆ. ತಾಯಿ ಕಾರ್ಡ್ ನೋಡಿದರೆ ರೋಟಾ ಲಸಿಕೆಯ ಮೊದಲ ಡೋಸ್ ಮಾತ್ರ ಆಗಿತ್ತು. ಅಂದು ಚುಚ್ಚುಮದ್ದುಗಳ ಜೊತೆ ಹನಿ ಹಾಕಿಸಿದ ರಾತ್ರಿ ಮಗುವಿಗೆ ಜ್ವರ ಬಂದದ್ದರಿಂದ ಉಳಿದ ಎರಡನ್ನು ಬಿಟ್ಟುಬಿಟ್ಟಿದ್ದರು.

ಕೆಲವು ದಿನಗಳ ಬಳಿಕ ಆ ತಂದೆ ಮತ್ತೆ ಸಿಕ್ಕಿ, "ಉಸ್ತಾದ್, ಇನ್ನು ಇವನ ರೋಗನಿರೋಧಕ ಶಕ್ತಿ ಹೋಯಿತಾ? ಮುಂದೆ ಯಾವಾಗಲೂ ಹೀಗೇ ಬೀಳುತ್ತಾನಾ?" ಎಂದು ಕೇಳಿದರು. ಪಕ್ಕದಲ್ಲಿದ್ದ ಹಿರಿಯರೊಬ್ಬರು ತದ್ವಿರುದ್ಧವಾಗಿ ಹೇಳಿದರು: "ಮಕ್ಕಳಿಗೆ ಇದೆಲ್ಲಾ ಬರಬೇಕು. ಬಂದರೇನೇ ಗಟ್ಟಿಯಾಗುವುದು." ಇಬ್ಬರಿಗೂ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ. ನಾನು ವೈದ್ಯನಲ್ಲ. ಬಲ್ಲ ವೈದ್ಯರನ್ನು ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕರುಳು ಬರೀ ಜೀರ್ಣಾಂಗವಲ್ಲ

ರೋಗನಿರೋಧಕ ಶಕ್ತಿ ಎಂದ ಕೂಡಲೇ ನಮಗೆ ನೆನಪಾಗುವುದು ರಕ್ತ. ಆದರೆ ದೇಹದ ಕಾವಲು ಕೋಶಗಳು ಕರುಳಿನಲ್ಲೂ ದೊಡ್ಡ ಸಂಖ್ಯೆಯಲ್ಲಿ ಬೀಡುಬಿಟ್ಟಿವೆ. ಹೊರಗಿನ ಲೋಕ ದಿನವೂ ನಮ್ಮೊಳಗೆ ಬರುವುದು ಬಾಯಿಯ ಮೂಲಕ. ಊಟ, ನೀರು, ಬೆರಳು, ಆಟಿಕೆ, ಅದರ ಜೊತೆಗೆ ರೋಗಾಣುಗಳು ಎಲ್ಲವೂ ಅದೇ ದಾರಿಯಲ್ಲಿ ಬರುತ್ತವೆ. ಅವನ್ನೆಲ್ಲ ಒಳಗಿನ ದೇಹದಿಂದ ಬೇರ್ಪಡಿಸುವ ಗೋಡೆ ಒಂದೇ ಒಂದು ಸಾಲು ಜೀವಕೋಶಗಳಿಂದಾದದ್ದು. ಆ ಕೋಶಗಳು ಕೂಡ ಕೆಲವೇ ದಿನ ಬದುಕಿ ಉದುರುತ್ತವೆ, ಅವುಗಳ ಜಾಗಕ್ಕೆ ಹೊಸವು ಬರುತ್ತವೆ.

ಸಣ್ಣ ಕರುಳಿನ ಒಳಮೈಯಲ್ಲಿ ಮಖಮಲ್ಲಿನ ಎಳೆಗಳಂತೆ ಲಕ್ಷಾಂತರ ಪುಟ್ಟ ಬೆರಳುಗಳಿವೆ. ವಿಲ್ಲೈ ಎಂದು ಅವುಗಳ ಹೆಸರು. ಆಹಾರದ ಸಾರವನ್ನೂ ನೀರನ್ನೂ ಹೀರುವುದು ಇವೇ. ಇವುಗಳ ನಡುವೆ ಅಲ್ಲಲ್ಲಿ ಕಾವಲು ಕೋಶಗಳು ಗುಂಪಾಗಿ ಕೂತಿರುವ ತಾಣಗಳಿವೆ. 17ನೇ ಶತಮಾನದಲ್ಲಿ ಅವನ್ನು ವಿವರಿಸಿದ ಸ್ವಿಸ್ ವೈದ್ಯ ಪೇಯರ್ ಅವರ ಹೆಸರಿನಲ್ಲಿ ಅವನ್ನು ಪೇಯರ್ ತೇಪೆಗಳು ಎನ್ನುತ್ತಾರೆ. ನಮ್ಮ ಊರಿನ ಮಾತಿನಲ್ಲಿ ಹೇಳುವುದಾದರೆ ಇವು ಕರುಳಿನೊಳಗಿನ ಪುಟ್ಟ ಮದ್ರಸಗಳು. ಕರುಳಿಗೆ ಬಂದ ವಸ್ತುವಿನ ಒಂದೊಂದು ಮಾದರಿಯನ್ನು ಇಲ್ಲಿಗೆ ಒಯ್ದು ಎಳೆಯ ಕೋಶಗಳಿಗೆ ತೋರಿಸಲಾಗುತ್ತದೆ. ಇದು ಆಹಾರ, ಸುಮ್ಮನೆ ಬಿಡು. ಇದು ಶತ್ರು, ಗುರುತಿಟ್ಟುಕೋ. ಹೀಗೆ ಎರಡು ಬಗೆಯ ಪಾಠಗಳೂ ಇಲ್ಲಿ ನಡೆಯುತ್ತವೆ.

ಪಾಠ ಕಲಿತ ಕೋಶಗಳು ಅಲ್ಲೇ ಕೂರುವುದಿಲ್ಲ. ರಕ್ತದಲ್ಲಿ ಒಂದು ಸುತ್ತು ಹೋಗಿ, ಬಲಿತು, ಮರಳಿ ಕರುಳಿಗೇ ಬರುತ್ತವೆ. ಊರಿನ ದರ್ಸ್‌ನಲ್ಲಿ ಕಲಿತು, ದೂರ ಹೋಗಿ ಓದಿ, ಕೊನೆಗೆ ತನ್ನ ಊರಿನ ಮಸೀದಿಯ ಸೇವೆಗೆ ಬರುವ ವಿದ್ಯಾರ್ಥಿಯಂತೆ. ಬಂದ ಮೇಲೆ ಅವು ಐಜಿಎ ಎಂಬ ಪ್ರತಿಕಾಯವನ್ನು ತಯಾರಿಸುತ್ತವೆ. ಅದು ಗೋಡೆಯನ್ನು ದಾಟಿ ಕರುಳಿನೊಳಕ್ಕೆ ಒಸರಿ, ವೈರಸ್‌ಗಳು ಗೋಡೆಗೆ ಅಂಟಿಕೊಳ್ಳುವ ಮೊದಲೇ ಅವನ್ನು ಹಿಡಿಯುತ್ತದೆ.

ಇನ್ನೊಂದು ವಿಷಯ. ತಾಯಿಯ ಕರುಳಿನಲ್ಲಿ ಕಲಿತ ಇಂಥ ಕೋಶಗಳಲ್ಲಿ ಕೆಲವು ಅವಳ ಎದೆಗೂ ಹೋಗುತ್ತವೆ. ಅವು ತಯಾರಿಸಿದ ಐಜಿಎ ಎದೆಹಾಲಿನಲ್ಲಿ ಇಳಿಯುತ್ತದೆ. ಅಂದರೆ ಆ ಮನೆಯಲ್ಲಿ, ಆ ಬೀದಿಯಲ್ಲಿ, ಆ ನೀರಿನಲ್ಲಿ ಇರುವ ರೋಗಾಣುಗಳ ಬಗ್ಗೆ ತಾಯಿಯ ದೇಹ ಕಲಿತದ್ದು ಮಗುವಿಗೆ ಹಾಲಿನ ಮೂಲಕ ಸಿಗುತ್ತದೆ. ತಾಯಂದಿರಿಗೆ ಹಾಲೂಡಿಸಲು ಪೂರ್ಣ ಎರಡು ವರ್ಷದ ಅವಧಿಯನ್ನು ಕುರ್‌ಆನ್ ಹೇಳಿರುವುದು ನಮಗೆಲ್ಲ ಗೊತ್ತು. ಆದರೂ ಮಗುವಿಗೆ ಭೇದಿ ಶುರುವಾದ ದಿನವೇ, ಆ ಹಾಲು ಅತಿ ಹೆಚ್ಚು ಬೇಕಾದ ದಿನವೇ, ನಾವು ಅದನ್ನು ನಿಲ್ಲಿಸುತ್ತೇವೆ.

ವೈರಸ್ ಬಂದಾಗ ಆಗುವುದೇನು?

ಮಕ್ಕಳ ಕರುಳಿಗೆ ದಾಳಿಯಿಡುವ ವೈರಸ್‌ಗಳು ಹಲವು. ರೋಟಾ, ನೊರೊ, ಆಸ್ಟ್ರೊ, ಕೆಲವು ಬಗೆಯ ಅಡೆನೊ ವೈರಸ್‌ಗಳು ವಾಂತಿಭೇದಿ ತರುತ್ತವೆ. ಪೋಲಿಯೊ ಮತ್ತು ಅದರ ಬಳಗದ ಎಂಟೆರೊ ವೈರಸ್‌ಗಳು ಕರುಳಿನಲ್ಲಿ ಬೆಳೆದು ಬೇರೆ ಅಂಗಗಳಿಗೂ ಹೋಗಬಲ್ಲವು. ಇವುಗಳಲ್ಲಿ ಎಳೆಯ ಮಕ್ಕಳಿಗೆ ಅತಿ ಹೆಚ್ಚು ಕಾಟ ಕೊಟ್ಟದ್ದು ರೋಟಾ. 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಭೇದಿಯಿಂದ ಬಳಲುತ್ತಿದ್ದ ಮಕ್ಕಳ ಕರುಳಿನ ತುಣುಕುಗಳಲ್ಲಿ ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಕಂಡರು. ಗಾಡಿಯ ಚಕ್ರದ ಹಾಗೆ ಕಾಣುತ್ತಿತ್ತು. ಲ್ಯಾಟಿನ್ ಭಾಷೆಯಲ್ಲಿ ರೋಟಾ ಎಂದರೆ ಚಕ್ರ. ಹೆಸರು ಬಂದದ್ದು ಹಾಗೆ.

ರೋಟಾ ವಿಲ್ಲೈಗಳ ತುದಿಯ ಬಲಿತ ಕೋಶಗಳನ್ನೇ ಹುಡುಕಿ ಹೊಕ್ಕುತ್ತದೆ. ಆ ಕೋಶಗಳು ಸಾಯುತ್ತವೆ, ಬೆರಳುಗಳು ಮೊಂಡಾಗುತ್ತವೆ. ನೀರು, ಉಪ್ಪು, ಸಾರ ಹೀರುವವರೇ ಇಲ್ಲ. ಜೊತೆಗೆ ವೈರಸ್ ಹೊರಬಿಡುವ ಒಂದು ವಿಷವಸ್ತು ಕರುಳಿನಿಂದ ನೀರು ಸುರಿಯುವಂತೆ ಮಾಡುತ್ತದೆ. ವೈರಸ್ ಹೊಕ್ಕ ಸುಮಾರು ಎರಡು ದಿನಕ್ಕೆ ವಾಂತಿ, ಜ್ವರ, ನೀರಿನಂಥ ಭೇದಿ ಶುರುವಾಗಿ ಮೂರರಿಂದ ಎಂಟು ದಿನ ಇರುತ್ತದೆ.

ಕಾವಲಿನವರು ಸುಮ್ಮನಿರುವುದಿಲ್ಲ. ಸೋಂಕು ತಗುಲಿದ ಕೋಶ ಇಂಟರ್‌ಫೆರಾನ್ ಎಂಬ ಸಂಕೇತವನ್ನು ಹೊರಬಿಟ್ಟು ನೆರೆಯ ಕೋಶಗಳಿಗೆ ಬಾಗಿಲು ಮುಚ್ಚಿಕೊಳ್ಳಲು ಹೇಳುತ್ತದೆ. ಆದರೆ ರೋಟಾ ಕಳ್ಳನಿಗಿಂತ ಜಾಣ. ಈ ಕೂಗು ಹೊರಡದಂತೆ ಮಾಡುವ ಒಂದು ಪ್ರೋಟೀನ್ ಅದರ ಬಳಿಯೇ ಇದೆ. ಕೂಗು ತಡವಾದಷ್ಟೂ ಅದಕ್ಕೆ ಬೆಳೆಯಲು ಸಮಯ ಸಿಗುತ್ತದೆ. ಇತ್ತ ಮಗುವಿನ ಮದ್ರಸದಲ್ಲಿ ಈ ಶತ್ರುವಿನ ಬಗ್ಗೆ ಇದುವರೆಗೆ ಪಾಠವೇ ಆಗಿಲ್ಲ. ಆದ್ದರಿಂದಲೇ ಮೊದಲ ಸಲದ ಸೋಂಕು ಹೆಚ್ಚಾಗಿ ಅತಿ ಜೋರಿನದ್ದು.

ಪಾಠ ಮುಗಿದು ಪ್ರತಿಕಾಯಗಳು ಸಿದ್ಧವಾಗುವ ಹೊತ್ತಿಗೆ ವೈರಸ್ ಸೋಲುತ್ತದೆ. ಬುಡದಿಂದ ಹೊಸ ಕೋಶಗಳು ಬೆಳೆದು ವಿಲ್ಲೈಗಳು ಸರಿಯಾಗುತ್ತವೆ. ಅದುವರೆಗೆ ಕೆಲವು ಮಕ್ಕಳಿಗೆ ದನದ ಹಾಲು ಸರಿಯಾಗಿ ಜೀರ್ಣವಾಗದಿರಬಹುದು. ಅದು ತಾತ್ಕಾಲಿಕ.

ಈಗ ಆ ತಂದೆಯ ಪ್ರಶ್ನೆಗೆ ಉತ್ತರ. ಇಲ್ಲ, ಒಂದು ಸಲದ ವಾಂತಿಭೇದಿಯಿಂದ ಮಗುವಿನ ರೋಗನಿರೋಧಕ ಶಕ್ತಿ ಹೋಗುವುದಿಲ್ಲ. ದಡಾರದ ವೈರಸ್ ಹಾಗೆ ಮಾಡಬಲ್ಲದು. ದೇಹ ಹಿಂದೆ ಕಲಿತ ಪಾಠಗಳನ್ನೇ ಅದು ಅಳಿಸಿಹಾಕುತ್ತದೆ. ರೋಟಾ ಹಾಗಲ್ಲ. ಸೋಂಕು ದಾಟಿದ ಮಗು ಒಂದು ಪಾಠ ಕಲಿತಿರುತ್ತದೆ.

ಹಾಗಾದರೆ ಬರಲಿ ಬಿಡಿ ಎನ್ನಬಹುದೇ?

ಹಿರಿಯರು ಹೇಳಿದ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ತಿಳಿಯಲು ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಮೆಕ್ಸಿಕೊದಲ್ಲಿ 200 ಮಕ್ಕಳನ್ನು ಹುಟ್ಟಿದಂದಿನಿಂದ ಎರಡು ವರ್ಷದವರೆಗೆ ಗಮನಿಸಿದರು. ಎರಡು ಸಲ ರೋಟಾ ಸೋಂಕು ದಾಟಿದ ಯಾವ ಮಗುವಿಗೂ ಆಮೇಲೆ ಅದರಿಂದ ಜೋರಾದ ಭೇದಿ ಆಗಲಿಲ್ಲ. 1996ರಲ್ಲಿ ಅದು ಪ್ರಕಟವಾಯಿತು. ನಮ್ಮ ನೆರೆಯ ತಮಿಳುನಾಡಿನ ವೆಲ್ಲೂರಿನಲ್ಲಿ ಬಡ ಬಡಾವಣೆಗಳ 373 ಮಕ್ಕಳನ್ನು ಮೂರು ವರ್ಷ ತುಂಬುವವರೆಗೆ ಗಮನಿಸಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಆರು ತಿಂಗಳು ತುಂಬುವುದರೊಳಗೇ ಸೋಂಕು ತಗುಲಿತ್ತು. ಮೂರು ಸಲ ಸೋಂಕು ದಾಟಿದ ಮೇಲೂ ಜೋರಾದ ಕಾಯಿಲೆಯಿಂದ ಸಿಕ್ಕ ರಕ್ಷಣೆ ಶೇ. 79 ಮಾತ್ರ.

ಅದೇ ವೈರಸ್. ಮೆಕ್ಸಿಕೊದ ಮಗು ಎರಡೇ ಪಾಠದಲ್ಲಿ ಕಲಿತದ್ದನ್ನು ನಮ್ಮ ಮಗು ಮೂರು ಪಾಠವಾದರೂ ಪೂರ್ತಿ ಕಲಿಯಲಿಲ್ಲ. ದಡ್ಡತನ ಮಗುವಿನದ್ದಲ್ಲ. ಒಂದೇ ಕೋಣೆಯಲ್ಲಿ ಹತ್ತು ಉಸ್ತಾದರು ಹತ್ತು ಪಾಠಗಳನ್ನು ಒಟ್ಟಿಗೆ ಕೂಗಿ ಹೇಳಿದರೆ ಎಷ್ಟು ಚುರುಕಾದ ವಿದ್ಯಾರ್ಥಿಯಾದರೂ ಏನು ಕಲಿತಾನು? ಕೊಳಕು ನೀರು, ಇಕ್ಕಟ್ಟಾದ ಮನೆ, ಬಯಲು ಚರಂಡಿ ಇರುವಲ್ಲಿ ಮಗುವಿನ ಕರುಳಿಗೆ ಒಂದರ ಹಿಂದೊಂದು ಸೋಂಕು ಬರುತ್ತಲೇ ಇರುತ್ತದೆ. ವಿಲ್ಲೈಗಳು ಬೆಳೆಯುವ ಮೊದಲೇ ಮತ್ತೆ ಮೊಂಡಾಗುತ್ತವೆ. ಗೋಡೆ ಸದಾ ಉರಿಯುತ್ತಿರುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ, ತೂಕ ಏರುವುದಿಲ್ಲ. ಪೋಷಕಾಂಶ ಸಿಗದ ಕಾವಲು ಕೋಶಗಳು ಸೊರಗುತ್ತವೆ. ಸೊರಗಿದ ದೇಹಕ್ಕೆ ಮುಂದಿನ ಭೇದಿ, ಅದರ ಹಿಂದೆ ಕೆಮ್ಮು, ನ್ಯುಮೋನಿಯಾ ಸುಲಭವಾಗಿ ಬರುತ್ತವೆ. ಇದೊಂದು ಸುಳಿ. ರೋಗನಿರೋಧಕ ಶಕ್ತಿಯನ್ನು ನಿಜವಾಗಿ ಕುಂದಿಸುವುದು ಒಂದು ಸಲದ ಸೋಂಕಲ್ಲ, ಈ ಸುಳಿ.

ಇನ್ನು ಆ ಪಾಠಕ್ಕೆ ತೆರುವ ಬೆಲೆ. ರೋಟಾ ಲಸಿಕೆ ಬರುವ ಮೊದಲು ಭಾರತದಲ್ಲಿ ವರ್ಷಕ್ಕೆ ಸುಮಾರು 78,000 ಮಕ್ಕಳು ಐದು ವರ್ಷ ತುಂಬುವ ಮೊದಲೇ ಈ ಒಂದು ವೈರಸ್‌ನಿಂದ ಸಾಯುತ್ತಿದ್ದರೆಂದು ಅಂದಾಜು. ಬದುಕುಳಿದವರನ್ನು ನೋಡಿ ನಾವು "ಗಟ್ಟಿಯಾದರು" ಎನ್ನುತ್ತೇವೆ. ಉಳಿಯದವರನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ.

ಪೋಲಿಯೊ ಹನಿ ಪದೇ ಪದೇ ಏಕೆ?

ಈ ಪ್ರಶ್ನೆ ನಮ್ಮ ಸಮುದಾಯದಲ್ಲಿ ಒಂದು ಕಾಲಕ್ಕೆ ದೊಡ್ಡ ಅನುಮಾನವಾಗಿ ಬೆಳೆದಿತ್ತು. ಒಂದು ಮಗುವಿಗೆ ಎಷ್ಟು ಸಲ ಹಾಕುತ್ತಾರೆ? ಔಷಧಿ ಸರಿಯಿದ್ದರೆ ಒಂದು ಸಲ ಸಾಕಲ್ಲವೇ? ಇದರಲ್ಲಿ ಬೇರೆ ಉದ್ದೇಶವಿದೆಯೇ? ಪಶ್ಚಿಮ ಉತ್ತರ ಪ್ರದೇಶದಲ್ಲಿ ಈ ಹನಿಯಿಂದ ಮಕ್ಕಳಾಗುವುದಿಲ್ಲ ಎಂಬ ಸುಳ್ಳು ಹರಡಿ, ಎಷ್ಟೋ ಮನೆಗಳ ಬಾಗಿಲು ಮುಚ್ಚಿದವು. ಕೊನೆಗೆ ಆಲಿಮರೇ ಮುಂದೆ ನಿಂತು ಮಸೀದಿಗಳಿಂದ ಕರೆಕೊಟ್ಟು ಬಾಗಿಲು ತೆರೆಸಬೇಕಾಯಿತು.

ಪದೇ ಪದೇ ಏಕೆ ಎಂಬುದಕ್ಕೆ ನಿಜವಾದ ಉತ್ತರ ಕರುಳಿನಲ್ಲೇ ಇತ್ತು. ಬಾಯಿಯಿಂದ ಹಾಕುವ ಪೋಲಿಯೊ ಲಸಿಕೆಯಲ್ಲಿ ಇರುವುದು ಬಲಗುಂದಿಸಿದ ಜೀವಂತ ವೈರಸ್. ಅದು ಕರುಳಿನಲ್ಲಿ ಸ್ವಲ್ಪ ಬೆಳೆದರೆ ಮಾತ್ರ ಪಾಠವಾಗುತ್ತದೆ. ಆದರೆ ಮಗುವಿನ ಕರುಳಿನಲ್ಲಿ ಆಗಲೇ ಬೇರೆ ಎಂಟೆರೊ ವೈರಸ್ ಬೀಡುಬಿಟ್ಟಿದ್ದರೆ, ಅದರ ವಿರುದ್ಧ ಕೋಶಗಳು ಬಾಗಿಲು ಮುಚ್ಚಿಕೊಂಡಿದ್ದರೆ, ಲಸಿಕೆಯ ವೈರಸ್‌ಗೂ ಒಳಗೆ ಜಾಗವಿಲ್ಲ. ಭೇದಿಯಾಗುತ್ತಿದ್ದರಂತೂ ಅದು ಹರಿದುಹೋಗುತ್ತದೆ. ಭಾರತದ ಮಕ್ಕಳಿಗೆ ಈ ಹನಿ ಅಷ್ಟಾಗಿ ನಾಟುತ್ತಿಲ್ಲ ಎಂದು ವೆಲ್ಲೂರಿನ ಡಾ. ಟಿ. ಜೇಕಬ್ ಜಾನ್ 1970ರ ದಶಕದಲ್ಲೇ ತೋರಿಸಿದ್ದರು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಆಗ ಬಳಸುತ್ತಿದ್ದ ಹನಿಯ ಒಂದು ಡೋಸ್ ಉತ್ತರ ಪ್ರದೇಶದಲ್ಲಿ ಕೊಡುತ್ತಿದ್ದ ರಕ್ಷಣೆ ಸುಮಾರು ಶೇ. 9 ಮಾತ್ರ. ದೇಶದ ಉಳಿದ ಹೆಚ್ಚಿನ ಭಾಗದಲ್ಲಿ ಅದು ಶೇ. 21ರಷ್ಟಿತ್ತು.

ಆದ್ದರಿಂದಲೇ ಒಂದಲ್ಲ, ಹಲವು ಸಲ ಹಾಕಬೇಕಾಯಿತು. ಬಾಗಿಲು ತಟ್ಟಿದವರ ತಾಳ್ಮೆ ಫಲ ಕೊಟ್ಟಿತು. ಭಾರತದಲ್ಲಿ ಕಾಡು ಪೋಲಿಯೊ ವೈರಸ್‌ನ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ 2011ರ ಜನವರಿಯಲ್ಲಿ ಕಂಡದ್ದು. 2014ರ ಮಾರ್ಚ್ 27ರಂದು ದೇಶ ಪೋಲಿಯೊ ಮುಕ್ತ ಎಂದು ಘೋಷಣೆಯಾಯಿತು. ನಾವು ಸಂಚು ಎಂದು ಅನುಮಾನಿಸಿದ್ದಕ್ಕೆ ಕಾರಣ ನಮ್ಮ ಚರಂಡಿಯಲ್ಲಿತ್ತು.

ಪೆಟ್ಟಿಲ್ಲದೆ ಪಾಠ

ಪೆಟ್ಟು ತಿನ್ನದೆ ಪಾಠ ಕಲಿಯುವ ದಾರಿ ಇದೆಯೇ? ಆ ದಾರಿಯನ್ನು ನವಜಾತ ಶಿಶುಗಳೇ ತೋರಿಸಿದರು. 1980ರ ದಶಕದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ಕೆಲವು ಶಿಶುಗಳ ಮಲದಲ್ಲಿ ರೋಟಾ ವೈರಸ್ ಕಂಡಿತು, ಆದರೆ ಅವಕ್ಕೆ ಭೇದಿಯೇ ಇರಲಿಲ್ಲ. ಆ ಶಿಶುಗಳಿಗೆ ಮುಂದೆ ರೋಟಾದಿಂದ ಜೋರಾದ ಕಾಯಿಲೆಯೂ ಕಡಿಮೆಯಾಯಿತು. ಬೆಂಗಳೂರಿನಲ್ಲಿಯೂ ನವಜಾತ ಶಿಶುಗಳಲ್ಲಿ ಹೀಗೇ ತೊಂದರೆ ಕೊಡದ ಇನ್ನೊಂದು ತಳಿ ಸಿಕ್ಕಿತು. ಭಾರತೀಯ ವಿಜ್ಞಾನ ಸಂಸ್ಥೆಯವರು ಅದನ್ನು ಪರಿಶೀಲಿಸಿ, ಅದರ ಹೆಚ್ಚಿನ ಭಾಗ ದನದ ರೋಟಾದಿಂದ ಬಂದದ್ದೆಂದು ತೋರಿಸಿದರು. ಎರಡನ್ನೂ ಲಸಿಕೆಯಾಗಿ ಪರೀಕ್ಷಿಸಲಾಯಿತು. ದೆಹಲಿಯ ತಳಿ ಗೆದ್ದಿತು. ಡಾ. ಎಂ. ಕೆ. ಭಾನ್ ಮುಂತಾದವರ ವರ್ಷಗಳ ದುಡಿಮೆಯಿಂದ ಅದು ರೋಟಾವ್ಯಾಕ್ ಎಂಬ ಲಸಿಕೆಯಾಯಿತು.

ದೆಹಲಿ, ಪುಣೆ, ವೆಲ್ಲೂರಿನ ಸುಮಾರು 6,800 ಶಿಶುಗಳಲ್ಲಿ ನಡೆದ ಪರೀಕ್ಷೆಯಲ್ಲಿ ಇದು ಮೊದಲ ವರ್ಷದ ತೀವ್ರ ರೋಟಾ ಭೇದಿಯನ್ನು ಶೇ. 56ರಷ್ಟು ತಗ್ಗಿಸಿತು. ನೂರಕ್ಕೆ ನೂರು ಏಕಲ್ಲ ಎಂದರೆ, ಪೋಲಿಯೊ ಹನಿಗೆ ಹೇಳಿದ ಕಾರಣಗಳು ಇಲ್ಲಿಗೂ ಬಹುಪಾಲು ಸಲ್ಲುತ್ತವೆ. ಆದರೂ ಆಸ್ಪತ್ರೆ ಸೇರಬೇಕಾದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮನೆಯಲ್ಲೇ ಉಳಿಯುವುದು ಸಣ್ಣ ಮಾತಲ್ಲ. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಸರಕಾರಿ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ ರೋಟಾ ಲಸಿಕೆ ಈಗ ನಮ್ಮಲ್ಲೂ ಉಚಿತ. ಆರು, ಹತ್ತು ಮತ್ತು ಹದಿನಾಲ್ಕು ವಾರಗಳಲ್ಲಿ, ಬಾಯಿಯ ಮೂಲಕ. ಮೂರು ಡೋಸ್ ಎಂದರೆ ಮೂರು ಪಾಠ. ಒಂದನ್ನು ಓದಿಸಿ ಎರಡನ್ನು ಬಿಟ್ಟರೆ ಆ ಹತ್ತು ತಿಂಗಳ ಮಗುವಿಗೆ ಆದಂತೆ ಆಗಬಹುದು.

ಭಯವಿರುವವರಿಗೆ ಒಂದು ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ಅಮೆರಿಕದಲ್ಲಿ 1998ರಲ್ಲಿ ಬಂದ ಮೊದಲ ರೋಟಾ ಲಸಿಕೆಯಿಂದ ಕೆಲವು ಮಕ್ಕಳಲ್ಲಿ ಕರುಳು ಕರುಳಿನೊಳಗೆ ಸೇರಿಕೊಳ್ಳುವ ತೊಂದರೆ ಕಂಡು, 1999ರಲ್ಲೇ ಅದನ್ನು ಹಿಂದಕ್ಕೆ ಪಡೆದರು. ನಂತರ ಬಂದ ಲಸಿಕೆಗಳನ್ನು ಅದನ್ನೇ ಮುಖ್ಯವಾಗಿಟ್ಟು ಪರೀಕ್ಷಿಸಿದ್ದಾರೆ. ನಮ್ಮ ದೇಶದಲ್ಲಿ ರೋಟಾವ್ಯಾಕ್ ಪಡೆದ ಮಕ್ಕಳನ್ನು ಗಮನಿಸಿದ ಅಧ್ಯಯನದಲ್ಲಿ ಈ ಅಪಾಯ ಹೆಚ್ಚಿದ್ದು ಕಂಡಿಲ್ಲ. ಆದರೂ ಮಗು ಬಿಟ್ಟು ಬಿಟ್ಟು ಕಿರುಚಿ ಅಳುತ್ತಿದ್ದರೆ, ಹೊಟ್ಟೆ ಉಬ್ಬಿದ್ದರೆ, ಮಲದಲ್ಲಿ ರಕ್ತವಿದ್ದರೆ, ಲಸಿಕೆ ಹಾಕಿಸಿದ್ದರೂ ಇಲ್ಲದಿದ್ದರೂ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಸಹನೆಯ ಪಾಠ

ಕರುಳಿನ ಮದ್ರಸದಲ್ಲಿ ಎರಡು ಪಾಠಗಳಿವೆ ಎಂದೆ. ಶತ್ರುವನ್ನು ಗುರುತಿಸುವುದು ಒಂದು, ಆಹಾರವನ್ನು ಸಹಿಸುವುದು ಇನ್ನೊಂದು. ವೈರಸ್ ದಾಳಿಯ ಗದ್ದಲದಲ್ಲಿ ಎರಡನೇ ಪಾಠ ಕೆಡಬಹುದೇ ಎಂದೂ ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಸೀಲಿಯಾಕ್ ಎಂಬ ಕಾಯಿಲೆಯಲ್ಲಿ ದೇಹವು ಗೋಧಿಯ ಗ್ಲುಟನ್ ಎಂಬ ಅಂಶವನ್ನು ಶತ್ರುವೆಂದು ತಿಳಿದು ತನ್ನ ಕರುಳನ್ನೇ ಘಾಸಿಗೊಳಿಸುತ್ತದೆ. ಹುಟ್ಟಿನಿಂದಲೇ ಅದರ ಒಲವಿರುವ ಮಕ್ಕಳನ್ನು ನಾರ್ವೆಯಲ್ಲಿ ಗಮನಿಸಿದಾಗ, ಮುಂದೆ ಸೀಲಿಯಾಕ್ ಬಂದ ಮಕ್ಕಳ ಮಲದಲ್ಲಿ ಅದಕ್ಕೆ ಮೊದಲು ಎಂಟೆರೊ ವೈರಸ್‌ಗಳು ಹೆಚ್ಚಾಗಿ ಕಂಡಿದ್ದವು. ಅಡೆನೊ ವೈರಸ್‌ಗಳ ವಿಷಯದಲ್ಲಿ ಹಾಗೆ ಕಾಣಲಿಲ್ಲ. ಇದು ಒಂದು ನಂಟು, ತೀರ್ಪಲ್ಲ. ಭೇದಿಯಾದ ಮಕ್ಕಳಲ್ಲಿ ಬಹುಪಾಲು ಮಕ್ಕಳಿಗೆ ಇಂಥದ್ದೇನೂ ಆಗುವುದಿಲ್ಲ. ಗೋಧಿ ನಿಲ್ಲಿಸಬೇಕೆಂದು ಯಾರೂ ತಿಳಿಯಬಾರದು. ಆದರೆ ಭೇದಿ ನಿಂತು ವಾರಗಳಾದರೂ ಹೊಟ್ಟೆ ಉಬ್ಬರ, ಆಗಾಗ ಭೇದಿ, ತೂಕ ಏರದಿರುವುದು ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಮನೆಯಲ್ಲಿ ಮಾಡಬೇಕಾದದ್ದು

ಎದೆಹಾಲು ಒಂದು ಹೊತ್ತೂ ನಿಲ್ಲಿಸಬೇಡಿ. ದೊಡ್ಡ ಮಕ್ಕಳಿಗೆ ಗಂಜಿ, ಅನ್ನ, ಬಾಳೆಹಣ್ಣು, ಮೊಸರು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರಿ. ಹೊಟ್ಟೆ ಖಾಲಿಯಿಟ್ಟರೆ ಹೊಸ ಕೋಶಗಳು ಯಾವುದರಿಂದ ಬೆಳೆಯಬೇಕು?

ಒಆರ್‌ಎಸ್ ಶುರುಮಾಡಿ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಸಣ್ಣ ಪೊಟ್ಟಣವಾದರೆ ಅದರ ಮೇಲೆ ಬರೆದ ಅಳತೆಯಷ್ಟೇ ನೀರು. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ದೊಡ್ಡ ಮಗುವಿಗೆ 100ರಿಂದ 200 ಮಿಲಿ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಚಮಚದಲ್ಲಿ ಕೊಡಿ. ವಿಲ್ಲೈಗಳಿಗೆ ಪೆಟ್ಟಾಗಿದ್ದರೂ ಸಕ್ಕರೆ ಮತ್ತು ಉಪ್ಪು ಜೊತೆಯಾಗಿ ಬಂದರೆ ಕರುಳು ಅವನ್ನೂ ನೀರನ್ನೂ ಒಳಗೆಳೆದುಕೊಳ್ಳುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ ಡ್ರಿಪ್ ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಈ ನೀರನ್ನೇ ಡ್ರಮ್ಮುಗಳಲ್ಲಿಟ್ಟು ಕುಡಿಸಿ ಸಾವಿರಾರು ಜೀವ ಉಳಿಸಿದರು.

ವೈದ್ಯರು ಅಥವಾ ಆಶಾ ಕಾರ್ಯಕರ್ತೆಯರು ಕೊಡುವ ಝಿಂಕ್ ಮಾತ್ರೆಯನ್ನು ಭೇದಿ ನಿಂತ ಮೇಲೂ 14 ದಿನ ಪೂರ್ತಿ ಕೊಡಿ. ಗೋಡೆಯ ದುರಸ್ತಿಗೂ ಕಾವಲು ಕೋಶಗಳಿಗೂ ಅದು ಬೇಕು. ಮೆಡಿಕಲ್‌ನಿಂದ ನೀವೇ ಆಂಟಿಬಯೋಟಿಕ್ ತರಬೇಡಿ. ಅದು ವೈರಸ್ಸನ್ನು ಕೊಲ್ಲದು, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ.

ಮಗು ಕುಡಿಯಲಾರದೆ ಹೋದರೆ, ಮಂಕಾದರೆ, ಕಣ್ಣು ಅಥವಾ ನೆತ್ತಿಯ ಮೆದುಭಾಗ ಗುಳಿಬಿದ್ದರೆ, ಆರು ಗಂಟೆ ಮೂತ್ರ ಮಾಡದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ ತಡಮಾಡಬೇಡಿ.

ಕೈ ತೊಳೆಯುವುದರ ಬಗ್ಗೆ ಒಂದು ಮಾತು. ನಾವು ದಿನಕ್ಕೆ ಐದು ಸಲ ವುಝೂ ಮಾಡುವವರು, ನಮ್ಮ ಕೈ ಶುದ್ಧ ಎಂದು ತಿಳಿಯುತ್ತೇವೆ. ಕಾಯಿಲೆಯ ಮಗುವಿನ ಒಂದು ಗ್ರಾಂ ಮಲದಲ್ಲಿ ಸಾವಿರ ಕೋಟಿಗೂ ಮಿಕ್ಕಿ ವೈರಸ್ ಕಣಗಳಿರಬಹುದು. ಇನ್ನೊಂದು ಮಗುವಿಗೆ ಕಾಯಿಲೆ ತರಲು ನೂರು ಕಣ ಸಾಕು. ಬರೀ ನೀರು ಸಾಲದು. ಮಗುವಿನ ಮಲ ತೊಳೆದ ಮೇಲೆ, ಶೌಚದ ಬಳಿಕ, ಉಣಿಸುವ ಮೊದಲು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು. ನೊರೊದಂಥ ವೈರಸ್‌ಗಳಿಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಎಚ್ಚರವಾದ ಕೂಡಲೇ ಕೈ ತೊಳೆಯದೆ ಪಾತ್ರೆಯ ನೀರಿಗೆ ಅದ್ದಬಾರದೆಂದೂ, ನೀರಿನ ಮೂಲಗಳ ಬಳಿ ಮಲವಿಸರ್ಜನೆ ಮಾಡಬಾರದೆಂದೂ ಪ್ರವಾದಿಯವರು(ಸ) ಕಲಿಸಿದ್ದಾರೆ. ಅದನ್ನು ಪಾಲಿಸುವುದೆಂದರೆ ಇಂದು ಬಾವಿಯಿಂದ ದೂರದಲ್ಲಿ ಶೌಚಗುಂಡಿ, ಮುಚ್ಚಿದ ಚರಂಡಿ, ಶೌಚಾಲಯದ ಬಳಿ ಒಂದು ಸೋಪು.

ಆ ಸಂಜೆಯ ಬಳಿಕ ನಮ್ಮ ಮಸೀದಿಯ ನಲ್ಲಿಗಳ ಬಳಿ ಜಮಾಅತಿನವರು ಸೋಪು ಇಡಿಸಿದ್ದಾರೆ. ನನ್ನ ಬಳಿ ನೀರು ತರುವವರಿಗೆ ಕುದಿಸಿ ಆರಿಸಿದ ನೀರನ್ನೇ ತರಲು ಹೇಳುತ್ತೇನೆ. ಭೇದಿಯ ಮಗುವಾದರೆ ಮೊದಲು ಕಣ್ಣು ನೋಡುತ್ತೇನೆ, ತಾಯಿ ಕಾರ್ಡ್ ಕೇಳುತ್ತೇನೆ, ಆಮೇಲೆ ಓದುತ್ತೇನೆ. ದುಆ ಬಿಟ್ಟಿಲ್ಲ. ದುಆದ ಹೆಸರಿನಲ್ಲಿ ಆಸ್ಪತ್ರೆಗೆ ತಡವಾಗಲು ಮಾತ್ರ ಬಿಡುವುದಿಲ್ಲ.

ಈ ವಾರ ನಿಮ್ಮ ಮನೆಯ ಎಳೆಯ ಮಗುವಿನ ತಾಯಿ ಕಾರ್ಡನ್ನು ಒಮ್ಮೆ ತೆಗೆದು ನೋಡಿ. ಬಿಟ್ಟುಹೋದ ಡೋಸ್ ಇದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಮಕ್ಕಳು ನಮ್ಮ ಕೈಗೆ ಕೊಟ್ಟ ಅಮಾನತ್. ಅವರ ಆರೋಗ್ಯದ ಬಗ್ಗೆ ನಾಳೆ ನಮ್ಮನ್ನೇ ಕೇಳಲಾಗುವುದು. ಅಲ್ಲಾಹನು ನಮ್ಮೆಲ್ಲರ ಮಕ್ಕಳಿಗೆ ಆಫಿಯತ್ ನೀಡಲಿ, ಆಮೀನ್.